ಎದುರು ನಿಂತವರ ಎಡಗಾಲು

ಮಾರ್ಚ್ ೩, ಸೋಮವಾರ

ದಿನಕ್ಕೊಂದು ಪುಟ ಬರೆಯಬೇಕಂತೆ. ಮನೆಗೇ ಬಂದು ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಅಪ್ಪಣೆ. ಏನು ಬರೆಯಲಿ ಎಂದು ಕೇಳಿದೆ. "ಏನಾದ್ರೂ ಬರೀರಿ, ನಾನೇನು ಓದೋದಿಲ್ಲ. ಮಣಿಕಟ್ಟು ಓಡಾಡಿದ್ರೆ ಸಾಕು" ಎಂದಳು. ಮೂವತ್ತೊಂದು ವರ್ಷ ಕತ್ತರಿ ಹಿಡಿದ ಕೈ, ಈಗ ಪೆನ್ನು ಹಿಡಿದರೆ ನಡುಗುತ್ತದೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಇವತ್ತಿಗೆ ಇಷ್ಟೇ.

ಮಾರ್ಚ್ ೬, ಗುರುವಾರ

ಎರಡು ದಿನ ಬರೆಯದ್ದಕ್ಕೆ ಮಗಳು ಬೈದಳು. ಹೆತ್ತವಳಿಗೇ ಬುದ್ಧಿ ಹೇಳುವಷ್ಟು ದೊಡ್ಡವಳಾಗಿದ್ದಾಳೆ.

ನಮ್ಮ ಮನೆ ದೊಡ್ಡ ರಸ್ತೆಯ ಈಚೆ, ಮೊದಲ ಮಹಡಿ. ನನ್ನ ಹೊಲಿಗೆ ಅಂಗಡಿ ರಸ್ತೆಯ ಆಚೆ. ಕಿಟಕಿಯಲ್ಲಿ ನಿಂತರೆ ಅದರ ಬೋರ್ಡು ಕಾಣುತ್ತದೆ. ಕಾಣದಿರಲಿ ಎಂದೇ ಪರದೆ ಎಳೆದಿಟ್ಟಿದ್ದೇನೆ. ರಸ್ತೆಯ ನಡುವೆ ಸೊಂಟದೆತ್ತರದ ಕಾಂಕ್ರೀಟು ತಡೆ, ಅದರಲ್ಲಿ ಒಂದೇ ಒಂದು ತೆರವು. ಎಲ್ಲರೂ ಅದನ್ನು ಕಿಂಡಿ ಎನ್ನುತ್ತಾರೆ. ಬಸ್ ಸ್ಟಾಪಿಗೆ, ಶಾಲೆಗೆ, ಆಸ್ಪತ್ರೆಗೆ, ಎಲ್ಲಕ್ಕೂ ಆ ಕಿಂಡಿಯಲ್ಲೇ ಓಡಬೇಕು. ದಾಟಬೇಕು ಎಂದು ಯಾರೂ ಹೇಳುವುದಿಲ್ಲ, ಓಡಬೇಕು ಎಂದೇ ಹೇಳುತ್ತಾರೆ.

ಏಳು ತಿಂಗಳ ಹಿಂದೆ ನಾನು ಸಾಕಷ್ಟು ಬೇಗ ಓಡಲಿಲ್ಲ. ಬೈಕು ಹೊಡೆಯಿತು. ಹೊಡೆದವನೇ ಎತ್ತಿಕೊಂಡು ಆಸ್ಪತ್ರೆಗೆ ಒಯ್ದ, ನನಗಿಂತ ಹೆಚ್ಚು ಅವನೇ ಅತ್ತ, ಕೇಸು ಗೀಸು ಯಾರೂ ಬರೆಸಲಿಲ್ಲ. ಅವತ್ತಿನಿಂದ ನಾನು ಆ ರಸ್ತೆ ದಾಟಿಲ್ಲ. ಅಂಚಿಗೆ ಹೋದರೆ ಕಾಲು ಅಲ್ಲೇ ನೆಟ್ಟು ಹೋಗುತ್ತದೆ. ಎರಡು ಸಲ ಪ್ರಯತ್ನಿಸಿ ವಾಪಸು ಬಂದೆ. ಅಂಗಡಿಯ ಬಾಗಿಲು ಅವತ್ತು ಹಾಕಿದ್ದು ಇನ್ನೂ ತೆಗೆದಿಲ್ಲ. ಮನೆಯಲ್ಲೇ ಹಳೆಯ ಮೆಷಿನ್ ಇಟ್ಟುಕೊಂಡು ಗುಂಡಿ, ಝಿಪ್ಪು, ಅಂಚು ಮಡಿಸುವ ಪುಡಿಗೆಲಸ ಮಾಡುತ್ತೇನೆ.

ಮಗಳಿಗೆ ಆಚೆ ಬದಿಯ ಔಷಧಿ ಅಂಗಡಿಯಲ್ಲಿ ಕೆಲಸ. ಸಂಜೆ ಅವಳು ಬಾಗಿಲು ತಟ್ಟುವ ತನಕ ನನ್ನ ಜೀವ ಕೈಯಲ್ಲಿರುತ್ತದೆ. ಅವಳಿಗೆ ಇದನ್ನು ಹೇಳಿಲ್ಲ.

ಮಾರ್ಚ್ ೧೧, ಮಂಗಳವಾರ

ಕಿಂಡಿಯ ಪಕ್ಕದ ಕಂಬಕ್ಕೆ ನೋಟೀಸು ಅಂಟಿಸಿದ್ದಾರೆ. ವಾಹನಗಳ ಸುಗಮ ಸಂಚಾರಕ್ಕಾಗಿ ಸದರಿ ತೆರವನ್ನು ಶಾಶ್ವತವಾಗಿ ಮುಚ್ಚುತ್ತಾರಂತೆ. ಆಕ್ಷೇಪಣೆ ಇದ್ದವರು ಬರೆದು ಕೊಡಬಹುದು, ಮುಂದಿನ ತಿಂಗಳು ಹದಿನೇಳಕ್ಕೆ ವಿಚಾರಣೆ. ಮುಚ್ಚಿದರೆ ಆಚೆ ಹೋಗಲು ಮೇಲ್ಸೇತುವೆಯ ಬುಡದವರೆಗೆ ನಡೆಯಬೇಕು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ನನ್ನ ಅತ್ತೆಯಂಥವರು ಆಸ್ಪತ್ರೆಯ ಆಸೆ ಬಿಟ್ಟಂತೆಯೇ.

ಸಹಿ ಕೇಳಿಕೊಂಡು ನಿವೃತ್ತ ಕಂಡಕ್ಟರ್ ಬಂದಿದ್ದರು. ಬಸ್ಸು ಬಿಟ್ಟು ಆರು ವರ್ಷವಾದರೂ ಮಾತು ಮುಗಿಸುವಾಗ "ರೈಟ್ ರೈಟ್" ಎನ್ನುವುದು ಬಿಟ್ಟಿಲ್ಲ. ಬೀದಿಯವರೆಲ್ಲ ಅವರನ್ನು ಕರೆಯುವುದೂ ಹಾಗೆಯೇ. ನಾಲ್ಕು ವರ್ಷದ ಹಿಂದೆ ಅವರಿಗೂ ಅದೇ ಕಿಂಡಿಯಲ್ಲಿ ಕಾಲು ಮುರಿದಿತ್ತು, ಈಗಲೂ ಸ್ವಲ್ಪ ಕುಂಟುತ್ತಾರೆ.

"ಮುಚ್ಚೋದು ಬೇಡ, ಸಿಗ್ನಲ್ ಹಾಕಿ ಅಂತ ಕೇಳ್ತಿದ್ದೀವಿ. ನೀವೂ ಬರ್ಬೇಕು" ಎಂದರು.

"ಅವರವರ ಹೋರಾಟ ಅವರವರು ಮಾಡ್ಲಿ. ನಾನು ಹೇಗೂ ದಾಟೋದಿಲ್ಲ" ಎಂದೆ.

"ಅದಕ್ಕೇ ನಮ್ಗೆ ಬೇಕಾಗಿರೋದು ನೀವು" ಎಂದರು. ಸಹಿ ಮಾಡಿ ಕಳಿಸಿದೆ, ಅಷ್ಟೆ.

ಕಿಂಡಿ ಮುಚ್ಚಿದರೆ ನನ್ನ ಅಂಗಡಿಯೂ ಮುಚ್ಚಿದ ಹಾಗೆ. ಮಗಳು ದೊಡ್ಡ ಮೆಷಿನ್ ಮನೆಗೆ ತರಿಸಿಬಿಡೋಣ ಎಂದಳು. ಆಗಲಿ ಎಂದೆ. ಆಮೇಲೆ ಊಟ ಸೇರಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ಜಾಸ್ತಿ ಬರೆಯಬೇಕು, ಕೈ ನೋಯಲಿ.

ಸಂಜೆ ನಮ್ಮ ಕಿಟಕಿಯ ಕೆಳಗೇ, ಸೈಕಲ್ ರಿಪೇರಿ ಅಂಗಡಿಯ ಮುಂದೆ ಅವರ ಸಭೆ. ನಾನು ಪರದೆಯ ಹಿಂದೆ ಕೂತು ಒಂದು ಕೋಟಿನ ಅಸ್ತರು ಬಿಚ್ಚುತ್ತಿದ್ದೆ. ರೈಟ್ ರೈಟ್ ಹಿಂದಿನ ಅರ್ಜಿಗೆ ರಸ್ತೆ ಇಲಾಖೆಯಿಂದ ಬಂದ ಉತ್ತರವನ್ನು ಗಟ್ಟಿಯಾಗಿ ಓದಿದರು. "ಕಳೆದ ಐದು ವರ್ಷಗಳಲ್ಲಿ ಸದರಿ ಸ್ಥಳದಲ್ಲಿ ಕೇವಲ ಎರಡು ಅಪಘಾತಗಳು ದಾಖಲಾಗಿದ್ದು, ಸಿಗ್ನಲ್ ಬೇಡಿಕೆ ಸಮರ್ಥನೀಯವಲ್ಲ."

ಕೆಳಗೆ ಎಲ್ಲರೂ ಒಟ್ಟಿಗೆ ಕೂಗಾಡಿದರು. ಯಾರು ಯಾರು ಬಿದ್ದಿದ್ದಾರೆ ಹೇಳಿ, ಬರೆದುಕೊಳ್ಳುತ್ತೇನೆ ಎಂದರು ರೈಟ್ ರೈಟ್. ಒಬ್ಬರು ಹತ್ತು ಎಂದರು, ಒಬ್ಬರು ನೂರು ಎಂದರು. ಯಾವಾಗ ಎಂದರೆ "ಆ ವರ್ಷ ಸೆಕೆ ಜಾಸ್ತಿ ಇತ್ತಲ್ಲ, ಆಗ" ಎಂದು ಇನ್ನೊಬ್ಬರು. ಹೆಸರಿಲ್ಲ, ದಿನಾಂಕವಿಲ್ಲ. ಆ ಕಾಗದಕ್ಕೆ ಇಂಥ ಉತ್ತರ ಕೊಟ್ಟರೆ ಉಫ್ ಎಂದು ಊದಿಬಿಡುತ್ತಾರೆ.

ಎರಡೇ ಎರಡು! ಪರದೆ ಸರಿಸಿ ತಲೆ ಹೊರಗೆ ಹಾಕಿದೆ. "ಎರಡಾ? ನನ್ನ ಒಂದು ಪುಸ್ತಕದಲ್ಲೇ ಎಂಟಿದೆ!" ಎಂದು ಕೂಗಿದೆ.

ಎಲ್ಲರೂ ಮೇಲೆ ನೋಡಿದರು. "ಯಾವ ಪುಸ್ತಕ?" ಎಂದರು ರೈಟ್ ರೈಟ್.

"ಅಳತೆ ಪುಸ್ತಕ" ಎಂದೆ.

ನನ್ನ ಗುರು ಕಲಿಸಿದ ಪದ್ಧತಿ. ಪ್ರತಿ ಗಿರಾಕಿಗೂ ಒಂದು ಸಾಲು, ದಿನಾಂಕ, ಎದೆ, ಸೊಂಟ, ಉದ್ದ. ಕೊನೆಗೆ 'ವಿಶೇಷ' ಎಂಬ ಮನೆ. ಗೂನಿದ್ದರೆ, ಒಂದು ಭುಜ ಇಳಿದಿದ್ದರೆ, ಕಾಲು ಗಿಡ್ಡವಾಗಿದ್ದರೆ ಅಲ್ಲಿ ಬರೆಯಬೇಕು. ಯಾಕಾಯಿತು ಎಂದು ನಾನು ಕೇಳದೆ ಬಿಡುವವಳಲ್ಲ, ಅದನ್ನೂ ಬರೆಯುತ್ತೇನೆ. ಹೊಲಿಗೆಯವಳ ಟೇಪಿನ ಮುಂದೆ ಮೈ ಸುಳ್ಳು ಹೇಳುವುದಿಲ್ಲ.

ಪುಸ್ತಕಗಳೆಲ್ಲ ಅಂಗಡಿಯಲ್ಲಿವೆ. ಮಗಳಿಗೆ ಗೂಡು, ಸಾಲು ಎಲ್ಲ ಹೇಳಿದ್ದೇನೆ, ನಾಳೆ ಹಿಂಬಾಗಿಲಿನಿಂದ ಹೋಗಿ ತರುತ್ತಾಳೆ.

ಮಾರ್ಚ್ ೧೬, ಭಾನುವಾರ

ಒಂಬತ್ತು ಪುಸ್ತಕ. ಬೆಳಗ್ಗೆಯಿಂದ ಅದರಲ್ಲೇ ಮುಳುಗಿದ್ದೆವು. ನಾನು ಓದುವುದು, ಮಗಳು ಬರೆಯುವುದು, ಅತ್ತೆ ನಡುನಡುವೆ ಷರಾ ಹಾಕುವುದು.

ಶಾಲೆಯ ಸಂಗೀತದ ಟೀಚರ್, ಎಡತೋಳು ಅರ್ಧ ಇಂಚು ಮೇಲೆ, ಕಿಂಡಿ. ಬೇಕರಿಯವನ ಅಕ್ಕ, ಬಲಗಾಲು ಮುಕ್ಕಾಲು ಇಂಚು ಗಿಡ್ಡ, ಕಿಂಡಿ. ಆಸ್ಪತ್ರೆಯ ಆಯಾ, ಪ್ಲಾಸ್ಟರ್ ಹಾಕಿದ ಕೈಗೆ ತೋಳು ಬಿಚ್ಚಿ ಪಟ್ಟಿ ಹಚ್ಚಿದ್ದು, ಕಿಂಡಿ. ಎಂಟು ವರ್ಷದ ಒಂದು ಹುಡುಗಿ, ಸಮವಸ್ತ್ರದ ಸ್ಕರ್ಟು ಎಡಬದಿ ಒಂದು ಬೆರಳು ಇಳಿಸಬೇಕು, ಕಿಂಡಿ. ಅದನ್ನು ಓದಿದಾಗ ಮಗಳ ಪೆನ್ನು ನಿಂತಿತು. ಆ ಹುಡುಗಿಗೆ ಈಗ ಹನ್ನೆರಡು, ದಿನಾ ಅದೇ ಕಿಂಡಿಯಲ್ಲಿ ಶಾಲೆಗೆ ಓಡುತ್ತಾಳೆ.

ಐದು ವರ್ಷಕ್ಕೆ ಮೂವತ್ತನಾಲ್ಕು ಜನ. ಇಲಾಖೆ ಎರಡು ಎನ್ನುತ್ತದೆ.

"ಮೂವತ್ತೈದನೇದು ಯಾಕೆ ಬರ್ದಿಲ್ಲ?" ಎಂದರು ಅತ್ತೆ.

"ಯಾರತ್ತೆ?"

"ನಿನ್ನ ಗಂಡನ ಹೆಂಡ್ತಿ."

ನನಗೆ ಸಿಟ್ಟು ಬಂತು. ಎದ್ದು ಹೋಗಿ ಒಲೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆಮೇಲೆ ಬಂದು ಮಗಳ ಕೈಯಿಂದ ಪೆನ್ನು ಕಿತ್ತುಕೊಂಡು ನಾನೇ ಬರೆದೆ. ಹೊಲಿಗೆಯವಳು, ಬಲ ಮಣಿಕಟ್ಟು ಕಾಲಿಂಚು ದಪ್ಪ, ಕಿಂಡಿ. ನಡುಗಿದ ಅಕ್ಷರ ಹಾಗೆಯೇ ಇರಲಿ ಎಂದರು ಅತ್ತೆ.

ಮಾರ್ಚ್ ೧೯, ಬುಧವಾರ

ಪಟ್ಟಿ ಕೊಟ್ಟಾಯಿತು. ಎಲ್ಲರ ಮನೆಗೂ ಹೋಗಿ ಒಪ್ಪಿಗೆ ಪಡೆದದ್ದು ರೈಟ್ ರೈಟ್. ಐದು ಜನರ ಆಸ್ಪತ್ರೆ ಚೀಟಿ ಸಿಕ್ಕಿತಂತೆ, ಅದನ್ನೂ ಲಗತ್ತಿಸಿದ್ದಾರೆ. "ಇನ್ನು ಇಲಾಖೆ ಬಾಯಿ ಮುಚ್ಚುತ್ತೆ, ರೈಟ್ ರೈಟ್" ಎಂದು ಕುಂಟುತ್ತಲೇ ಮೆಟ್ಟಿಲಿಳಿದರು. ಬೀದಿಯಲ್ಲಿ ನನಗೆ ಒಮ್ಮೆಲೇ ಬೆಲೆ ಬಂದುಬಿಟ್ಟಿದೆ. ಸೈಕಲ್ ರಿಪೇರಿಯವನು ಕೆಳಗಿನಿಂದಲೇ ಕೈ ಮುಗಿದ. ಕೈ ನೋವು ಇವತ್ತು ಕಡಿಮೆ.

ಏಪ್ರಿಲ್ ೨, ಬುಧವಾರ

ಮರ್ಯಾದೆ ಹೋಯಿತು.

ಇಲಾಖೆಯ ಎಂಜಿನಿಯರ್ ಉತ್ತರ ಬರೆದಿದ್ದಾನೆ. ನಾವೇ ಲಗತ್ತಿಸಿದ ಐದು ಚೀಟಿಗಳನ್ನು ನಮ್ಮದೇ ಪಟ್ಟಿಗೆ ಹೋಲಿಸಿದನಂತೆ. ಇಬ್ಬರದು ಸರಿ ಇದೆ. ಮೂವರದು ಉಲ್ಟಾ. ಪಟ್ಟಿಯಲ್ಲಿ ಬಲಗಾಲು ಇದ್ದರೆ ಆಸ್ಪತ್ರೆ ಎಡಗಾಲು ಎನ್ನುತ್ತದೆ. "ಪಟ್ಟಿಯು ಊಹೆಯಿಂದ ತಯಾರಾದಂತೆ ತೋರುತ್ತದೆ, ಪರಿಗಣನೆಗೆ ಯೋಗ್ಯವಲ್ಲ."

ಪುಸ್ತಕ ತೆಗೆದು ನೋಡಿದೆ. ಪಟ್ಟಿಯಲ್ಲಿದ್ದದ್ದೇ ಪುಸ್ತಕದಲ್ಲೂ ಇದೆ. ಮಗಳು ತಪ್ಪು ಬರೆದಿಲ್ಲ. ನಾನೇ ತಪ್ಪು ಬರೆದಿದ್ದೇನೆ, ಐದು ವರ್ಷವೂ. ಸೈಕಲ್ ಅಂಗಡಿಯ ಮುಂದೆ ಯಾರೋ "ಎಡ ಬಲ ಗೊತ್ತಿಲ್ದೋರನ್ನ ನಂಬಿ ಕೆಟ್ವಿ" ಎಂದದ್ದು ಮೇಲಿನವರೆಗೆ ಕೇಳಿಸಿತು. ಪರದೆ ಎಳೆದೆ.

ಏಪ್ರಿಲ್ ೪, ಶುಕ್ರವಾರ

ಬರೆಯಲು ಏನೂ ಇಲ್ಲ.

ಏಪ್ರಿಲ್ ೮, ಮಂಗಳವಾರ

ಸಿಕ್ಕಿತು! ಸಿಕ್ಕಿತು! ಪೆನ್ನು ಓಡುತ್ತಿಲ್ಲ, ನಾನೇ ಮುಂದೆ ಓಡುತ್ತಿದ್ದೇನೆ. ಸಮಾಧಾನವಾಗಿ ಬರೆಯುತ್ತೇನೆ.

ಬೆಳಗ್ಗೆ ರೈಟ್ ರೈಟ್ ಬಂದರು, ಬಗಲಲ್ಲಿ ಒಂದು ಹೊಸ ಪ್ಯಾಂಟು. ಎಲ್ಲರೂ ನನ್ನ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುವಾಗ ಇವರು ಯಾಕೆ ಬಂದರು ಎಂದುಕೊಂಡೆ.

"ವಿಚಾರಣೆಗೆ ಹಾಕ್ಕೊಂಡು ಹೋಗ್ಬೇಕು, ಉದ್ದ ಸರಿ ಮಾಡ್ಕೊಡಿ" ಎಂದರು.

"ಸುಳ್ಳು ಪಟ್ಟಿಯವಳ ಹತ್ರ ಯಾಕೆ ಬಂದ್ರಿ?"

"ಹೋಲ್ಡಾನ್. ನಾಲ್ಕು ವರ್ಷದಿಂದ ನೀವು ಹೊಲ್ದಿರೋ ಪ್ಯಾಂಟ್ ಹಾಕ್ತಿದ್ದೀನಿ, ಒಂದು ದಿನವೂ ಗಿಡ್ಡ ಕಾಲಿನದು ನೆಲ ಗುಡಿಸಿಲ್ಲ. ನೀವು ತಪ್ಪು ಬರ್ದಿದ್ರೆ ಪ್ಯಾಂಟ್ ಹೇಗೆ ಸರಿಯಾಗಿ ಕೂತ್ಕೊಳ್ತಿತ್ತು?"

ಅವರ ಮುಂದೆ ಮೊಣಕಾಲೂರಿ ಅಳೆದೆ. ಅಭ್ಯಾಸಬಲದಿಂದ "ಎಡಗಾಲು, ಅರ್ಧ ಇಂಚು ಕಮ್ಮಿ" ಎಂದು ಗೊಣಗುತ್ತ ಬರೆದುಕೊಂಡೆ.

"ನಂದು ಮುರಿದಿದ್ದು ಬಲಗಾಲು" ಎಂದರು ಅವರು ಮೇಲಿನಿಂದ.

ನಾನು ತಲೆ ಎತ್ತಿದೆ. ನನ್ನ ಎಡಗೈಯ ನೇರಕ್ಕೆ ಇದ್ದದ್ದು ಅವರ ಬಲಗಾಲು!

ಭುಜ, ತೋಳು ಅಳೆಯುವಾಗ ನಾನು ಗಿರಾಕಿಯ ಬೆನ್ನ ಹಿಂದೆ ನಿಲ್ಲುತ್ತೇನೆ. ಆಗ ಅವರ ಎಡವೇ ನನ್ನ ಎಡ. ಕಾಲು ಅಳೆಯುವಾಗ ಮುಂದೆ ಕೂರುತ್ತೇನೆ. ಆಗ ಅವರ ಬಲ ನನಗೆ ಎಡ. ಗುರು ಹಾಗೆ ಬರೆಯುತ್ತಿದ್ದರು, ನಾನೂ ಹಾಗೆ ಬರೆದೆ. ಮೇಜಿನ ಮೇಲೆ ಪ್ಯಾಂಟೂ ನನಗೆ ಎದುರಾಗಿಯೇ ಮಲಗುತ್ತದೆ, ಆದ್ದರಿಂದ ಹೊಲಿಗೆ ಎಂದೂ ತಪ್ಪಲಿಲ್ಲ. ಮೂವತ್ತೊಂದು ವರ್ಷದಲ್ಲಿ ಇದನ್ನು ಯೋಚಿಸುವ ಪ್ರಸಂಗವೇ ಬರಲಿಲ್ಲ.

ಎಂಜಿನಿಯರನ ಕಾಗದ ತೆಗೆದು ನೋಡಿದೆ. ಸರಿ ಇದ್ದ ಇಬ್ಬರದು ಕೈ. ಉಲ್ಟಾ ಆದ ಮೂವರದು ಕಾಲು. ಅತ್ತೆಗೆ ಓದಿ ಹೇಳಿದೆ.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ. ನೀನು ಕನ್ನಡೀಲೇ ನೋಡಿ ಬರ್ದಿದ್ದೀಯ" ಎಂದು ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು.

"ನಂಗೆ ಗೊತ್ತಿರೋದು ರೈಟ್ ಒಂದೇ. ಲೆಫ್ಟು ಯಾವತ್ತೂ ಕೂಗಿಲ್ಲ" ಎಂದರು ರೈಟ್ ರೈಟ್. ಮೂವರೂ ನಕ್ಕು ನಕ್ಕು ಸುಸ್ತಾದೆವು. ಆಮೇಲೆ ನನಗೆ ಅಳು ಬಂತು, ಅತ್ತೆ ಸುಮ್ಮನೆ ಬೆನ್ನು ಸವರಿದರು.

ಏಪ್ರಿಲ್ ೧೫, ಮಂಗಳವಾರ

ನಾಡಿದ್ದು ವಿಚಾರಣೆ. ಕಾಗದದಲ್ಲಿ ಬರೆದು ಕೊಟ್ಟರೆ ಇನ್ನೊಂದು ಕಾಗದ ಬರುತ್ತದೆ, ಅಲ್ಲೇ ಮಾಡಿ ತೋರಿಸಬೇಕು ಎಂದು ನಾವು ತೀರ್ಮಾನಿಸಿದ್ದೇವೆ. ಒಂಬತ್ತು ಪುಸ್ತಕ ಒಯ್ಯಲು ಗಟ್ಟಿ ಚೀಲ ಬೇಕಿತ್ತು. ಮನೆಯಲ್ಲಿ ದಪ್ಪ ಬಟ್ಟೆ ಇದ್ದದ್ದು ಕಿಟಕಿಯ ಪರದೆ ಒಂದೇ. ಅದನ್ನೇ ಇಳಿಸಿ ಕತ್ತರಿಸಿದೆ. ಒಳ್ಳೆಯ ಚೀಲವಾಯಿತು, ಎರಡು ಹೊಲಿಗೆ ಹಾಕಿದ್ದೇನೆ. ಮಧ್ಯಾಹ್ನ ಬಿಸಿಲು ನೇರ ಮೆಷಿನ್ ಮೇಲೆ ಬೀಳುತ್ತದೆ, ಸೂಜಿಗೆ ದಾರ ಪೋಣಿಸಲು ಅನುಕೂಲ.

ಏಪ್ರಿಲ್ ೧೭, ಗುರುವಾರ

ಗೆದ್ದೆವು. ಮೊದಲು ಅದನ್ನು ಬರೆದಿಟ್ಟು ಆಮೇಲೆ ಉಳಿದದ್ದು.

ವಿಚಾರಣೆ ಇದ್ದದ್ದು ಆಚೆ ಬದಿಯ ಶಾಲೆಯ ಸಭಾಂಗಣದಲ್ಲಿ. ನಲವತ್ತು ಜನ ಕಿಂಡಿಯ ಬಳಿ ಸೇರಿದ್ದೆವು. ರೈಟ್ ರೈಟ್ ರಸ್ತೆಗಿಳಿದು ಎರಡೂ ಕೈ ಚಾಚಿ "ಹೋಲ್ಡಾನ್!" ಎಂದು ಕೂಗಿದ ಕೂಗಿಗೆ ಲಾರಿ ಕೂಡ ನಿಂತಿತು. ನನ್ನ ಕೈಯನ್ನು ಮಗಳು ಹಿಡಿದಿದ್ದಳು, ಅತ್ತೆಯ ಕೈಯನ್ನು ನಾನು. ನನ್ನ ಮುಂದೆ ಹೋಗುತ್ತಿದ್ದ ಸೈಕಲ್ ರಿಪೇರಿಯವನ ಅಂಗಿಯ ಬೆನ್ನಿನ ಹೊಲಿಗೆ ಬಿಟ್ಟಿತ್ತು. ಅದನ್ನೇ ನೋಡುತ್ತ ಹೋದೆ. ಯಾರು ಹೊಲಿದರೋ, ಅಷ್ಟು ದೊಡ್ಡ ದೊಡ್ಡ ಹೊಲಿಗೆ.

ಎಂಜಿನಿಯರ್ ಕೆಟ್ಟವನಲ್ಲ, ಕಾಗದದವನು. ಮಧ್ಯವಯಸ್ಸು, ಇಸ್ತ್ರಿ ಮಾಡಿದ ಕೋಟು. ನಗರಸಭೆಯ ಅಧ್ಯಕ್ಷೆ ನಡುವೆ ಕೂತಿದ್ದರು. ನಾನು ಎದ್ದು ಅಳತೆಯ ವಿಷಯ ಹೇಳಿದೆ. ಹಿಂದೆ, ಮುಂದೆ, ಎಡ, ಬಲ ಎಂದು ಹೇಳುತ್ತ ಹೇಳುತ್ತ ನನಗೇ ಗೋಜಲಾಯಿತು. ಸಭೆಯಲ್ಲಿ ಗುಸುಗುಸು ಶುರುವಾಯಿತು.

"ಅಮ್ಮಾ, ಉತ್ತರ ಬಂದ ಮೇಲೆ ಇದನ್ನೆಲ್ಲ ಹೇಳ್ತಿದ್ದೀರಿ. ಹೇಗೆ ನಂಬೋದು?" ಎಂದ ಎಂಜಿನಿಯರ್.

"ಸ್ವಲ್ಪ ಎದ್ದು ನಿಲ್ತೀರಾ?" ಎಂದೆ.

"ಯಾಕೆ?"

"ಅಳತೆ ತಗೊಳ್ತೀನಿ."

ಅವನು ಅಧ್ಯಕ್ಷೆಯ ಮುಖ ನೋಡಿದ. "ನಿಲ್ಲಿ, ಕೋಟು ಹೊಲಿಸ್ಕೊಂಡ ಹಾಗಾಯ್ತು" ಎಂದರು ಅವರು. ನಿಂತ.

ಟೇಪು ಕೈಗೆ ಬಂದದ್ದೇ ನನ್ನ ನಾಲಿಗೆ ಸರಿಯಾಯಿತು. ಹಿಂದೆ ನಿಂತು ಭುಜ ಅಳೆದೆ. "ಬಲ ಭುಜ ಅರ್ಧ ಇಂಚು ಇಳಿದಿದೆ. ಭಾರದ ಚೀಲ ಹೊರೋ ಅಭ್ಯಾಸ" ಎಂದೆ. ಅವನು ಹೌದೆಂದು ತಲೆಯಾಡಿಸಿದ. ಮುಂದೆ ಬಂದು ಮೊಣಕಾಲೂರಿದೆ. ಒಂದು ಕಾಲು ಅಳೆದೆ, ಇನ್ನೊಂದು ಅಳೆದೆ. ಮತ್ತೊಮ್ಮೆ ಅಳೆದು ಖಚಿತ ಮಾಡಿಕೊಂಡೆ. ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದಿದೆ. "ಎಂಜಿನಿಯರ್ ಸಾಹೇಬ್ರು. ಎಡಗಾಲು ಕಾಲಿಂಚು ಗಿಡ್ಡ."

"ತಪ್ಪು!" ಎಂದ ಅವನು. "ಎಡ ಅಲ್ಲ, ಬಲ! ಚಿಕ್ಕಂದಿನಲ್ಲಿ ಬಿದ್ದಿದ್ದೆ. ನನ್ನ ಹೆಂಡ್ತಿಗೂ ಗೊತ್ತಿಲ್ಲ, ನಿಮಗೆ ಹೇಗೆ..."

ಅಲ್ಲಿಗೆ ನಿಲ್ಲಿಸಿದ. ಅವನ ಬಾಯಿಂದಲೇ ಬಂದದ್ದು ಅವನಿಗೇ ಹೊಳೆಯಿತು. ಸಭಾಂಗಣವೇ ಬಿದ್ದುಹೋಗುವಂತೆ ನಗು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕಾಲಿಂಚು ಕಾಲಿಗೆ ಇಷ್ಟು ನಗ್ಬೇಡ್ರೋ" ಎಂದು ಅತ್ತೆ ಗದರಿದ್ದಕ್ಕೆ ಇನ್ನಷ್ಟು ನಗು.

ಆಗ ರೈಟ್ ರೈಟ್ ಎದ್ದು ಹೊಸ ಪ್ಯಾಂಟಿನ ಬಲಗಾಲನ್ನು ಮೊಣಕಾಲಿನವರೆಗೆ ಮಡಿಸಿ ಗಾಯದ ಗುರುತು ತೋರಿಸಿದರು. ಅವರ ಹಿಂದೆ ಬೇಕರಿಯವನ ಅಕ್ಕ ಎದ್ದಳು. ಸಂಗೀತದ ಟೀಚರ್ ಎದ್ದು ಮೇಲೆ ಹೋಗದ ಕೈಯನ್ನು ಹೋಗುವಷ್ಟು ಎತ್ತಿದರು. ಹನ್ನೆರಡರ ಆ ಹುಡುಗಿ ಎದ್ದಳು. ಒಬ್ಬೊಬ್ಬರಾಗಿ ಇಪ್ಪತ್ತೊಂದು ಜನ ನಿಂತರು. ನಗು ಯಾವಾಗಲೋ ನಿಂತುಹೋಗಿತ್ತು. ನಾನು ನನ್ನ ಮಣಿಕಟ್ಟನ್ನು ಎತ್ತಿ ಹಿಡಿದು ನಿಂತೆ.

ಎಂಜಿನಿಯರ್ ಪಟ್ಟಿ ತೆಗೆದುಕೊಂಡು ಮೊದಲಿನಿಂದ ಓದಿದ, ನಿಧಾನವಾಗಿ. ಆಮೇಲೆ "ನನ್ನ ದಾಖಲೆ ತಪ್ಪಾಗಿದೆ" ಎಂದ. ಅಷ್ಟು ಜನರ ಮುಂದೆ ಅದನ್ನು ಹೇಳಲು ಎದೆ ಬೇಕು, ಅವನಿಗೆ ಇತ್ತು. ಅಧ್ಯಕ್ಷೆ ನೋಟೀಸು ವಾಪಸು ಎಂದರು. ಆರು ವಾರದಲ್ಲಿ ಸಿಗ್ನಲ್ ಎಂದರು.

ಅಲ್ಲಿಗೆ ಮುಗಿಯಲಿಲ್ಲ. ಜನ ದಾಟಲು ಎಷ್ಟು ಹೊತ್ತು ಕೊಡುತ್ತೀರಿ ಎಂದು ನಾನು ಕೇಳಿದೆ. ಸರಾಸರಿ ನಡಿಗೆಯ ಲೆಕ್ಕದಲ್ಲಿ ಹದಿನೈದು ಸೆಕೆಂಡು ಎಂದ.

"ಆ ಸರಾಸರಿ ಕಾಲು ಯಾರ್ದಪ್ಪ? ಅವನನ್ನ ಕರ್ಸು, ನೋಡೋಣ" ಎಂದರು ಅತ್ತೆ.

ಒಂದೇ ಅಳತೆಗೆ ಹೊಲಿದರೆ ಯಾರ ಮೈಗೂ ಸರಿಹೋಗುವುದಿಲ್ಲ ಎಂದು ನಾನು ಹೇಳಿದೆ. ರಸ್ತೆಯ ಅಗಲ ಅರವತ್ತು ಅಡಿ. ಸಭಾಂಗಣದಲ್ಲೇ ನನ್ನ ಟೇಪಿನಿಂದ ಅರವತ್ತು ಅಡಿ ಗುರುತು ಮಾಡಿದೆವು. ಅತ್ತೆ ಊರುಗೋಲು ಹಿಡಿದು ನಡೆದರು, ಎಂಜಿನಿಯರ್ ಗಡಿಯಾರ ಹಿಡಿದ. ಇಪ್ಪತ್ತೊಂಬತ್ತು ಸೆಕೆಂಡು. ಮೂವತ್ತು ಎಂದು ಬರೆದುಕೊಂಡ.

"ಹೊಲಿಗೆ ಅಂಚಿಗೆ ಸ್ವಲ್ಪ ಬಿಡ್ಬೇಕು" ಎಂದೆ. ಮೂವತ್ತನ್ನು ಹೊಡೆದು ಮೂವತ್ತೆರಡು ಮಾಡಿದ.

ಮೂರು ಪುಟವಾಯಿತು. ಬೆರಳು ಜೋಮು ಹಿಡಿದಿದೆ, ಹಿಡಿಯಲಿ.

ಮೇ ೨೦, ಮಂಗಳವಾರ

ತಿಂಗಳಿಂದ ಬರೆದಿಲ್ಲ, ಪುರುಸೊತ್ತೇ ಇಲ್ಲ. ನಮ್ಮ ಗೆಲುವಿನ ಸುದ್ದಿ ಕೇಳಿ ಮೇಲ್ಸೇತುವೆಯ ಕಡೆಯವರು ಬಂದಿದ್ದರು. ಅವರ ಬಸ್ಸು ಸ್ಟಾಪಿನಲ್ಲಿ ನಿಲ್ಲದೆ ಹೋಗುತ್ತದಂತೆ, ಏನು ಮಾಡಬೇಕು ಎಂದು ಕೇಳಿದರು. ದಿನಾಂಕ ಹಾಕಿ ಬರೆದಿಡಿ, ಎಡ ಬಲ ನೋಡಿ ಬರೆಯಿರಿ ಎಂದೆ. ರೈಟ್ ರೈಟ್ ಅವರ ಜೊತೆ ಹೋಗಿದ್ದಾರೆ.

ಕಿಂಡಿಯಲ್ಲಿ ಕಂಬ ನೆಟ್ಟಿದ್ದಾರೆ. ಬಿಳಿ ಪಟ್ಟೆ ಬಳಿಯುವವನು ಒಂದು ಪಟ್ಟೆಯನ್ನು ಸೊಟ್ಟ ಎಳೆದಿದ್ದ. ಕೆಳಗಿಳಿದು ಹೋಗಿ ರಸ್ತೆಯಂಚಿನಲ್ಲಿ ನಿಂತು ಹೇಳಿದೆ. ಅಳಿಸಿ ಮತ್ತೆ ಬಳಿದ. ಕಣ್ಣೆದುರು ಸೊಟ್ಟ ಇದ್ದರೆ ನನಗೆ ತಡೆಯದು.

ಜೂನ್ ೨, ಸೋಮವಾರ

ಇವತ್ತು ಬೆಳಗ್ಗೆ ಹತ್ತಕ್ಕೆ ಸಿಗ್ನಲ್ ಶುರುವಾಯಿತು. ಗುಂಡಿ ಒತ್ತುವ ಮೊದಲ ಹಕ್ಕು ಅತ್ತೆಯದು ಎಂದು ಎಲ್ಲರೂ ಒಪ್ಪಿದ್ದರು. ಒತ್ತಿದರು. ಕೆಂಪು ಬಂತು. ನಾಲ್ಕು ಸಾಲು ವಾಹನ, ಲಾರಿ, ಬಸ್ಸು, ಕಾರು, ಬೈಕು, ಎಲ್ಲ ನಿಂತವು. ಅಂಥ ಮೌನವನ್ನು ನಾನು ಆ ರಸ್ತೆಯಲ್ಲಿ ಕೇಳಿರಲಿಲ್ಲ.

ಅತ್ತೆ ಊರುಗೋಲು ಕುಟ್ಟುತ್ತ ನಡುರಸ್ತೆಗೆ ಹೋಗಿ ನಿಂತುಬಿಟ್ಟರು. ಒಂದು ಕಾರು ಬಿಳಿ ಪಟ್ಟೆಯ ಮೇಲೆ ಮೂತಿ ಚಾಚಿತ್ತು. ಊರುಗೋಲಿನಿಂದ ತೋರಿಸಿ "ಹಿಂದೆ ತಗೊ" ಎಂದರು. ಅವನು ತೆಗೆದುಕೊಂಡ. "ಬೇಗ ಬನ್ನಿ ಅತ್ತೆ" ಎಂದರೆ "ಇನ್ನೂ ಹನ್ನೊಂದು ಇದೆ, ಅವಸರ ಇದ್ದೋರು ಕಾಯ್ಲಿ" ಎಂದರು. ನಿಂತ ಬಸ್ಸಿನ ಡ್ರೈವರು ನಮ್ಮ ರೈಟ್ ರೈಟ್‌ಗೆ ಸಲಾಮು ಹೊಡೆದ. ಅವರು ಬಸ್ಸಿನ ಪಕ್ಕೆಯನ್ನು ಎರಡು ಸಲ ಬಡಿದು, ಅಭ್ಯಾಸದ ಮಾತು ಹೇಳಹೋಗಿ ಕೆಂಪು ದೀಪ ನೋಡಿ ನುಂಗಿಕೊಂಡರು. ಚಪ್ಪಾಳೆ, ಕೂಗು, ಮಕ್ಕಳಂತೂ ಆಚೆಯಿಂದ ಈಚೆಗೆ ಈಚೆಯಿಂದ ಆಚೆಗೆ ಸುಮ್ಮನೆ ದಾಟಿದವು.

ಜನ ಚದುರಿದರು. ಅತ್ತೆಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ನಾನು ಅಂಗಡಿಯ ಮುಂದೆ ನಿಂತರೆ, ಕೀಲಿ ಇಲ್ಲ. ಹತ್ತು ತಿಂಗಳ ಮೇಲೆ ಬಾಗಿಲು ತೆಗೆಯಲು ಹೊರಟವಳು ಕೀಲಿಯನ್ನೇ ಮೆಷಿನ್ ಮೇಲೆ ಬಿಟ್ಟು ಬಂದಿದ್ದೇನೆ. ನನ್ನ ಮರೆವಿಗಿಷ್ಟು ಬೆಂಕಿ ಹಾಕ. ಬೈದುಕೊಳ್ಳುತ್ತ ಹೋದೆ, ತಂದೆ. ಬಾಗಿಲು ತುಕ್ಕು ಹಿಡಿದಿತ್ತು, ಎರಡು ಸಲ ಒದ್ದ ಮೇಲೆ ತೆರೆಯಿತು. ಒಳಗೆ ಒಂದು ಬೆರಳು ಧೂಳು.

ಪೊರಕೆ ಹಿಡಿದಿದ್ದೆ, ಮಗಳು ಔಷಧಿ ಅಂಗಡಿಯಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಏನೇ ಆಯ್ತು? ಯಾರಿಗೇನಾಯ್ತು?"

"ನಾನು ಅಲ್ಲಿಂದ ನೋಡ್ತಿದ್ದೆ. ನೀನು ಹೋದೆ, ಬಂದೆ. ಒಬ್ಳೇ ದಾಟಿದ್ಯಲ್ಲಮ್ಮ!"

"ಮತ್ತೆ? ಕೀಲಿ ತಾನಾಗೇ ನಡ್ಕೊಂಡು ಬರತ್ತಾ?" ಎಂದೆ. ಅವಳು ಅಳುತ್ತಲೇ ನಕ್ಕಳು, ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು, ಧೂಳೆಲ್ಲ ಅವಳ ಬಿಳಿ ಕೋಟಿಗೆ ಮೆತ್ತಿತು. ಇಷ್ಟಕ್ಕೆಲ್ಲ ಅಳುವುದು ಯಾಕೋ, ಈಗಿನ ಮಕ್ಕಳು ಬಹಳ ಮೆದು.

ಅಷ್ಟರಲ್ಲಿ ಮೊದಲ ಗಿರಾಕಿ ಬಂದ, ಸೈಕಲ್ ರಿಪೇರಿಯವನು, ಬೆನ್ನ ಹೊಲಿಗೆ ಬಿಟ್ಟ ಅದೇ ಅಂಗಿ ಹಿಡಿದುಕೊಂಡು. ಕೂರಿಸಿ, ಮೇಜಿನ ಖಾನೆ ಎಳೆದು ನೋಡಿದರೆ ಕತ್ತರಿಯೂ ಇಲ್ಲ. ಅದೂ ಮನೆಯಲ್ಲೇ.

ಮತ್ತೆ ಹೋದೆ.